ದೃಶ್ಯ ಸಂಯೋಜನೆ (ವಿಡಿಯೊ ಚಿತ್ರೀಕರಣ)

ವ್ಯಕ್ತಿ, ವಸ್ತು, ಬೆಳಕು, ಖಾಲಿ ಜಾಗ ಇವನ್ನು ಕ್ಯಾಮೆರಾದ ಚೌಕಟ್ಟಿನೊಳಗೆ ಕಥೆಗೆ ಒದಗುವಂತೆ ಹೊಂದಿಸುವ ಕಲೆಯೇ ದೃಶ್ಯ ಸಂಯೋಜನೆ. ಎಷ್ಟು ದೂರದಿಂದ, ಯಾವ ಎತ್ತರದಿಂದ ತೋರಿಸಬೇಕು, ಯಾವುದನ್ನು ಹೊರಗಿಡಬೇಕು ಎಂಬ ನಿರ್ಧಾರಗಳೆಲ್ಲ ಇದರಲ್ಲಿ ಅಡಕ. ಸ್ಥಿರಚಿತ್ರಕ್ಕೆ ಒಂದು ಕ್ಷಣ ಸಾಕು. ವಿಡಿಯೊದಲ್ಲಿ ಹಾಗಲ್ಲ, ಪ್ರತಿ ಶಾಟ್‌ನ ಅರ್ಥ ಹಿಂದುಮುಂದಿನ ಶಾಟ್‌ಗಳ ಮೇಲೂ ನಿಂತಿರುತ್ತದೆ.

ಸೂತ್ರಗಳು

ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಗೆರೆಗಳು ಕೂಡುವಲ್ಲಿ ಮುಖ್ಯ ವಸ್ತುವನ್ನಿಡುವುದು ಪರಿಚಿತ ಕ್ರಮ. ನಡೆಯುವವರ ಮುಂದೆ ಜಾಗ ಬಿಟ್ಟರೆ ಅವರು ಎಲ್ಲಿಗೋ ಹೊರಟಿದ್ದಾರೆ ಎನಿಸುತ್ತದೆ. ಬಿಡದಿದ್ದರೆ ದಾರಿ ಮುಚ್ಚಿದಂತೆ ಕಾಣುತ್ತದೆ. ಕೆಳಗಿನಿಂದ ನೋಡುವ ಕೋನ ಪಾತ್ರವನ್ನು ದೊಡ್ಡದಾಗಿಸುತ್ತದೆ, ಮೇಲಿನ ಕೋನ ಕುಗ್ಗಿಸುತ್ತದೆ. ಎದುರುಬದುರಾದ ಇಬ್ಬರನ್ನು ತೆಗೆಯುವಾಗ ಅವರ ನಡುವಿನ ಕಾಲ್ಪನಿಕ ರೇಖೆಯ ಒಂದೇ ಬದಿಯಲ್ಲಿ ಕ್ಯಾಮೆರಾ ಇರಬೇಕೆಂಬುದು 180 ಡಿಗ್ರಿ ನಿಯಮ. ದಾಟಿದರೆ ಯಾರು ಯಾವ ಕಡೆಯವರೆಂಬುದು ಪ್ರೇಕ್ಷಕರಿಗೆ ತಿಳಿಯದು.

ಕನ್ನಡಿಗರ ಕೊಡುಗೆ

ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ವಿ.ಕೆ. ಮೂರ್ತಿ (1923–2014) ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ 'ಕಾಗಜ್ ಕೆ ಫೂಲ್'ನ (1959) ಛಾಯಾಗ್ರಾಹಕರು. ಅದರಲ್ಲಿ ಗುರುದತ್ ಮತ್ತು ವಹೀದಾ ರೆಹಮಾನ್ ಕಾಣಿಸಿಕೊಳ್ಳುವ ಪ್ರಸಿದ್ಧ ಹಾಡಿನಲ್ಲಿ ಖಾಲಿ ಸ್ಟುಡಿಯೊದೊಳಕ್ಕೆ ಬೆಳಕಿನ ಕೋಲೊಂದು ಇಳಿಯುತ್ತದೆ. ದೊಡ್ಡ ಕನ್ನಡಿಗಳಿಂದ ಬಿಸಿಲನ್ನೇ ಒಳಗೆ ತಿರುಗಿಸಿ ಮೂರ್ತಿ ಅದನ್ನು ಸಾಧಿಸಿದರು. ಅಗಲ ಪರದೆಯಲ್ಲಿ ಇಬ್ಬರನ್ನೂ ದೂರದೂರ ನಿಲ್ಲಿಸಿದ್ದರಿಂದ ಅಗಲಿಕೆಯನ್ನು ಮಾತಿಲ್ಲದೆ ಹೇಳಲಾಯಿತು. 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿ ಅವರಿಗೆ ಸಂದಿತು.

ಆದವಾನಿ ಸೀಮೆಯಲ್ಲಿ

1953ರಲ್ಲಿ ಆಂಧ್ರ ರಾಜ್ಯ ರಚನೆಯಾಗುವವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ, ಈಗ ಆಂಧ್ರ ಪ್ರದೇಶದಲ್ಲಿರುವ ಆದವಾನಿ, ಆಲೂರು ಭಾಗದಲ್ಲಿ ಇಂದಿಗೂ ಕನ್ನಡ, ತೆಲುಗು ಎರಡೂ ಕೇಳಿಬರುತ್ತವೆ. ಇಲ್ಲಿ ಕ್ಯಾಮೆರಾಗಳನ್ನು ಸೆಳೆಯುವುದು ಹೊಳಗುಂದ ಮಂಡಲದ ದೇವರಗಟ್ಟಿನ ಬನ್ನಿ ಉತ್ಸವ. ವಿಜಯದಶಮಿಯ ರಾತ್ರಿ ಮಾಳಮ್ಮ, ಮಲ್ಲೇಶ್ವರರ ಉತ್ಸವಮೂರ್ತಿಗಳನ್ನು ಗುಡ್ಡದಿಂದ ಇಳಿಸುವಾಗ, ಸುತ್ತಲ ಹಳ್ಳಿಗಳವರು ಅವುಗಳಿಗಾಗಿ ಪಂಜಿನ ಬೆಳಕಿನಲ್ಲಿ ದೊಣ್ಣೆ ಹಿಡಿದು ಸೆಣಸುತ್ತಾರೆ. ಪ್ರತಿವರ್ಷ ಹಲವರಿಗೆ ಗಾಯಗಳಾಗುತ್ತವೆ. ಪೊಲೀಸರು ಸಿಸಿಟಿವಿ, ಡ್ರೋನ್‌ಗಳಿಂದ ನಿಗಾ ಇಡುತ್ತಾರೆ.

ಸಂಯೋಜನೆ ಕಥೆಯನ್ನೇ ಬದಲಿಸುವುದಕ್ಕೆ ಈ ಉತ್ಸವ ಒಳ್ಳೆಯ ನಿದರ್ಶನ. ಎತ್ತಿದ ದೊಣ್ಣೆ, ರಕ್ತ ಸೋರುವ ಹಣೆ ಇವುಗಳ ಕ್ಲೋಸ್‌ಅಪ್‌ಗಳನ್ನಷ್ಟೇ ಜೋಡಿಸಿದರೆ ಅದು ಬರೀ ಹೊಡೆದಾಟ. ಮುನ್ನೆಲೆಯಲ್ಲಿ ದೊಣ್ಣೆಗಳು, ನಡುವೆ ಪಂಜು, ಹಿನ್ನೆಲೆಯಲ್ಲಿ ಮೂರ್ತಿಗಳು ಕಾಣುವ ವೈಡ್ ಶಾಟ್ ಇದ್ದರೆ ಸೆಣಸಾಟ ಯಾವುದಕ್ಕಾಗಿ ಎಂಬುದು ಗೊತ್ತಾಗುತ್ತದೆ. ಡ್ರೋನ್‌ನಿಂದ ಕಾಣುವುದು ಬೆಳಕಿನ ಚುಕ್ಕೆಗಳ ಹರಿವು ಮಾತ್ರ. ಮುಖ ಕಾಣದಿರುವುದರಿಂದ ನೋವೂ ಕಾಣದು. ಕಣ್ಣೆತ್ತರದ ಶಾಟ್‌ನಲ್ಲಿ ಗುಂಪಿನೊಳಗಿನ ಒಬ್ಬೊಬ್ಬ ಮನುಷ್ಯನೂ ಎದುರಾಗುತ್ತಾನೆ.

ಫೋನ್ ಚೌಕಟ್ಟು

ನಿಲುವಾಗಿ ಹಿಡಿದ ಫೋನಿನ 9:16 ಚೌಕಟ್ಟು ಒಬ್ಬರ ಮುಖಕ್ಕೆ ಚೆನ್ನಾಗಿ ಒಗ್ಗುತ್ತದೆ; ಅಕ್ಕಪಕ್ಕದ ಗುಂಪು ಅದರಿಂದ ಹೊರಗುಳಿಯುತ್ತದೆ. ಜಾತ್ರೆ, ಮೆರವಣಿಗೆಗಳನ್ನು ದಾಖಲೆಗಾಗಿ ತೆಗೆಯುವವರಿಗೆ 16:9ರ ಅಡ್ಡ ಚೌಕಟ್ಟೇ ಸೂಕ್ತ.