ಚೆಂಡಾಟದಿಂದ ಕ್ರಮವಿಧಿಗೆ

ಮೂರು ಚೆಂಡುಗಳನ್ನು ನೆಲಕ್ಕೆ ಬೀಳಿಸದೆ ಎಸೆಯುತ್ತ, ಹಿಡಿಯುತ್ತ ಆಡುವ ಆಟಕ್ಕೂ ಕಂಪ್ಯೂಟರಿಗೂ ಏನು ಸಂಬಂಧ? ಸಂಬಂಧವಿದೆ ಎಂದು ತೋರಿಸಿಕೊಟ್ಟವರು ಅಮೆರಿಕದ ಎಂಐಟಿಯಲ್ಲಿದ್ದ ಗಣಿತಜ್ಞ ಸೈಮೂರ್ ಪ್ಯಾಪರ್ಟ್ (1928-2016).

1960ರ ದಶಕದಲ್ಲಿ ಕಂಪ್ಯೂಟರ್ ಬಹು ದುಬಾರಿ ಯಂತ್ರ. ಶಾಲೆಗೆ ಬಂದರೂ ಅದು ಬರುತ್ತಿದ್ದುದು ಮೇಷ್ಟರಾಗಿ. ಯಂತ್ರ ಪ್ರಶ್ನೆ ಕೇಳಬೇಕು, ಮಗು ಉತ್ತರಿಸಬೇಕು. ಪ್ಯಾಪರ್ಟ್ ಇದನ್ನು ತಿರುಗಿಸಿಟ್ಟರು: ಆಜ್ಞೆ ಕೊಡುವುದು ಮಗು, ಪಾಲಿಸುವುದು ಯಂತ್ರ. ವ್ಯಾಲಿ ಫ್ಯೂರ್‌ಜೈಗ್, ಸಿಂಥಿಯಾ ಸಾಲೊಮನ್ ಮೊದಲಾದವರೊಡನೆ ಸೇರಿ 1967ರಲ್ಲಿ ಮಕ್ಕಳಿಗೆಂದೇ ‘ಲೋಗೊ’ ಭಾಷೆಯನ್ನು ರೂಪಿಸಿದರು. ಮುಂದೆ, ನೆಲದ ಮೇಲೆ ಗೆರೆ ಎಳೆಯುತ್ತ ಸಾಗುವ ‘ಆಮೆ’ ಎಂಬ ಯಂತ್ರ ಅದಕ್ಕೆ ಜೊತೆಯಾಯಿತು. ಚೌಕ ಬರೆಸುವ ಬಗೆ ತೋಚದ ಮಗುವಿಗೆ ಸಿಗುತ್ತಿದ್ದ ಸಲಹೆ ಸರಳ: ನೀನೇ ಆಮೆಯಾಗಿ ನಡೆದು ನೋಡು.

1980ರಲ್ಲಿ ಬಂದ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ಅವರು ಮೂರು ಚೆಂಡುಗಳ ಆಟವನ್ನೇ ಕ್ರಮವಿಧಿಯಂತೆ ಬಿಡಿಸಿಟ್ಟರು. ಬಲಗೈಯಿಂದ ಎಸೆಯುವುದು ಒಂದು ತುಣುಕು, ಎಡಗೈಯಿಂದ ಎಸೆಯುವುದು ಇನ್ನೊಂದು. ಮೊದಲ ಚೆಂಡು ತುತ್ತತುದಿ ಮುಟ್ಟಿದಾಗ ಮುಂದಿನದನ್ನು ಎಸೆಯಬೇಕು. ತುಣುಕುಗಳನ್ನು ಬೇರೆಬೇರೆಯಾಗಿ ಕಲಿತು ಆಮೇಲೆ ಕೂಡಿಸಬೇಕು. ಚೆಂಡು ಬಿತ್ತೆ? ನನ್ನ ಕೈಯಲ್ಲಾಗದು ಎಂದು ಕೊರಗಬೇಕಿಲ್ಲ. ದೋಷ ಯಾವ ತುಣುಕಿನಲ್ಲಿದೆ ಎಂದು ಹುಡುಕಿದರಾಯಿತು. ಹೊಸಬರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ನೋಟವನ್ನು ಮೇಲ್ತುದಿಯಲ್ಲಿ ನಿಲ್ಲಿಸಿದರೆ ಆಟ ಕೈಗೆ ಹತ್ತುತ್ತದೆ.

ಆಟದ ಹಿರಿಮೆ ಇರುವುದು ಇಲ್ಲಿಯೇ. ಲೆಕ್ಕ ತಪ್ಪಿದರೆ ಪುಸ್ತಕದ ಮೇಲೆ ಕೆಂಪು ಗೆರೆ ಬೀಳುತ್ತದೆ. ಆಟದಲ್ಲಿ ತಪ್ಪಿದ ಮಗು ಚೆಂಡನ್ನು ಎತ್ತಿಕೊಂಡು ಮತ್ತೆ ಎಸೆಯುತ್ತದೆ. ಕ್ರಮವಿಧಿ ಬರೆಯುವವರಿಗೂ ಬೇಕಾದ ಗುಣ ಇದೇ.

ಈ ದಾರಿ ಬರಬರುತ್ತ ಅಗಲವಾಯಿತು. 2000ದಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ‘ರೋಬೊಕಪ್ ಜೂನಿಯರ್’ನಲ್ಲಿ ಶಾಲಾ ಮಕ್ಕಳ ರೋಬಾಟುಗಳು ಫುಟ್‌ಬಾಲ್ ಆಡಿದವು. ಚೆಂಡು ಎಡಕ್ಕಿದ್ದರೆ ಎಡಕ್ಕೆ ತಿರುಗು, ಕಾಣದಿದ್ದರೆ ಹುಡುಕು ಎಂಬಂಥ ಸೂಚನೆಗಳನ್ನು ಮಕ್ಕಳೇ ಮೊದಲು ಯೋಚಿಸಿ ಬರೆದಿಡಬೇಕು. ಪಂದ್ಯದ ನಡುವೆ ಕೈಹಾಕಿ ನಡೆಸುವಂತಿಲ್ಲ. 2007ರಲ್ಲಿ ಪ್ಯಾಪರ್ಟರ ಶಿಷ್ಯ ಮಿಚೆಲ್ ರೆಸ್ನಿಕ್ ಅವರ ತಂಡ ‘ಸ್ಕ್ರ್ಯಾಚ್’ ಅನ್ನು ಲೋಕಕ್ಕೆ ಕೊಟ್ಟಿತು. ಆಜ್ಞೆಗಳ ಬಿಲ್ಲೆಗಳನ್ನು ಜೋಡಿಸಿಯೇ ಅದರಲ್ಲಿ ಚೆಂಡು ಪುಟಿಸಬಹುದು, ಓಟಗಳನ್ನು ಎಣಿಸಬಹುದು.

ಆದರೆ ಎಚ್ಚರವೂ ಬೇಕು. ಸಿದ್ಧ ಹೆಜ್ಜೆಗಳನ್ನು ನಕಲು ಮಾಡಿಸಿ, ಗೆದ್ದ ಪ್ರಶಸ್ತಿಗಳನ್ನಷ್ಟೇ ಎಣಿಸಿದರೆ ಮಗು ಮತ್ತೆ ಆಜ್ಞೆ ಪಾಲಿಸುವ ಜಾಗಕ್ಕೇ ಬಂದು ನಿಲ್ಲುತ್ತದೆ. ಚೆಂಡು ಬೀಳಲಿ, ಬಿದ್ದದ್ದೇಕೆಂದು ಹುಡುಕುವ ಬಿಡುವು ಮಗುವಿಗೆ ಸಿಗಲಿ.