ಭಟ್ಟಿಯೊಳಗೆ ಹೋದ ಹುಡುಗಿ

ಹೋದ ಬೇಸಿಗೆಯಲ್ಲಿ ಊರಿಂದ ತಂದಿಟ್ಟಿದ್ದ ಜೋಳದ ಚೀಲ ಬಿಚ್ಚಿದೆ. ಹತ್ತಿಪ್ಪತ್ತು ಪುಟ್ಟ ಪತಂಗಗಳು ಮುಖಕ್ಕೇ ಹಾರಿದವು. ಒಣಹುಲ್ಲಿನ ಬಣ್ಣ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ ಅಷ್ಟೇ. ಮೇಲ್ನೋಟಕ್ಕೆ ಜೋಳ ಚೆನ್ನಾಗೇ ಇತ್ತು. ಒಂದು ಹಿಡಿ ಕೈಗೆ ತಗೊಂಡಾಗ ಗೊತ್ತಾಯ್ತು, ತೂಕವೇ ಇಲ್ಲ. ಎಷ್ಟೋ ಕಾಳುಗಳಿಗೆ ಗುಂಡುಸೂಜಿಯ ತಲೆಯಷ್ಟು ದುಂಡನೆಯ ತೂತು, ಒಳಗೆ ಖಾಲಿ.

ಅವ್ವನಿಗೆ ಫೋನ್ ಮಾಡಿದೆ. "ನುಸಿ ಹತ್ತೇತಿ, ಬಿಸಲಿಗೆ ಹಾಕು" ಅಂದ್ಲು.

"ನುಸಿ ಅಲ್ಲವ್ವಾ, ಪತಂಗ."

"ಯಾವ್ದಾದ್ರ ಏನಪಾ, ತಿಂದಿದ್ದು ಜ್ವಾಳ ಹೌದಿಲ್ಲೋ?"

ಹೌದು. ಆದರೆ ಯಾವುದು ಅನ್ನೋದೂ ಮುಖ್ಯ ಅಂತ ಕಂಡುಕೊಳ್ಳೋಕೆ ಜಗತ್ತಿಗೆ ಬಹಳ ಕಾಲ ಹಿಡಿದಿದೆ. ರವೆ, ಹಿಟ್ಟು, ಅಕ್ಕಿಯಲ್ಲಿ ಜೇಡರ ಬಲೆ ಥರ ಎಳೆ ಕಟ್ಟಿ ಉಂಡೆ ಉಂಡೆ ಆಗಿದ್ದರೆ ಅದು ಅಕ್ಕಿ ಪತಂಗದ ಕೆಲಸ. ಅದರ ಹುಳು ಕಾಳಿನ ಹೊರಗೇ ಇದ್ದು ನೂಲು ನೇಯ್ತಾ ತಿನ್ನುತ್ತೆ. ನನ್ನ ಚೀಲದಲ್ಲಿ ಎಳೆ ಇರಲಿಲ್ಲ, ಬರೀ ತೂತು. ಒಂದು ಪತಂಗ ಹಿಡಿದು ಭೂತಗನ್ನಡಿ ಇಟ್ಟೆ. ಹಿಂದಿನ ರೆಕ್ಕೆಯ ತುದಿ ಇದ್ದಕ್ಕಿದ್ದಂತೆ ಸಣ್ಣಗಾಗಿ, ತೋರುಬೆರಳು ಚಾಚಿದ ಹಾಗೆ ಚೂಪು. ಅಂಚಿಗೆ ಉದ್ದುದ್ದ ಕೂದಲ ಜಾಲರಿ. ಇದರ ಹೆಸರು ಆಂಗೂಮ್ವಾ ಧಾನ್ಯ ಪತಂಗ.

ನಮ್ಮ ಜೋಳ, ಭತ್ತ, ಮೆಕ್ಕೆಜೋಳ ತಿನ್ನೋ ಹುಳಕ್ಕೆ ಇದ್ಯಾವ ಹೆಸರು ಅಂತ ಹುಡುಕುತ್ತಾ ಹೋದವನು ಫ್ರಾನ್ಸಿಗೆ ಹೋಗಿ ಮುಟ್ಟಿದೆ. ಆಂಗೂಮ್ವಾ ಅಂದರೆ ಪಶ್ಚಿಮ ಫ್ರಾನ್ಸಿನಲ್ಲಿ ಆಂಗುಲೆಮ್ ಪಟ್ಟಣದ ಸುತ್ತಲಿನ ಸೀಮೆ. ಹದಿನೆಂಟನೇ ಶತಮಾನದ ನಡುವಿನಲ್ಲಿ ಅಲ್ಲಿಯ ರೈತರ ಗೋಧಿಯೂ ಹೀಗೇ ಟೊಳ್ಳಾಗತೊಡಗಿತ್ತು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1760ರಲ್ಲಿ ಇಬ್ಬರನ್ನು ಅಲ್ಲಿಗೆ ಕಳಿಸಿತು. ಒಬ್ಬ ದ್ಯುಹಾಮೆಲ್ ದ್ಯು ಮೊನ್ಸೊ, ನೌಕಾಪಡೆಯ ಇನ್ಸ್‌ಪೆಕ್ಟರ್ ಜನರಲ್, ಜೊತೆಗೆ ಧಾನ್ಯ ಕೆಡದಂತೆ ಇಡೋದು ಹೇಗೆ ಅಂತ ಆಗಲೇ ಪುಸ್ತಕ ಬರೆದಿದ್ದವನು. ಇನ್ನೊಬ್ಬ ಮಾತ್ಯು ತಿಯೆ. ಗೋಧಿಗೆ ಬರುವ ಕಾಡಿಗೆ ರೋಗ ಬೀಜದಿಂದ ಅಂಟುತ್ತೆ ಅಂತ 1755ರಲ್ಲೇ ಗದ್ದೆಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದ. ಆ ರೋಗದ ಶಿಲೀಂಧ್ರಕ್ಕೆ ಈಗಲೂ ಅವನದೇ ಹೆಸರು.

ಹುಳ ಹೊಸದಲ್ಲ. ರೆಯೋಮ್ಯೂರ್ ಅನ್ನೋ ವಿಜ್ಞಾನಿ 1736ರಲ್ಲೇ ಇದನ್ನು ವರ್ಣಿಸಿದ್ದ. ಹಾರುವ ಪತಂಗ ಏನೂ ತಿನ್ನಲ್ಲ. ಮೊಟ್ಟೆಯಿಂದ ಬಂದ ಹುಳು, ಕೂದಲಿಗಿಂತ ಸಣ್ಣದು, ಕಾಳು ಕೊರೆದು ಒಳಗೆ ಸೇರುತ್ತೆ. ಗೋಧಿಯಂಥ ಕಾಳಿನಲ್ಲಿ ಒಂದಕ್ಕೆ ಒಂದೇ ಹುಳು. ಒಳಗೇ ತಿಂದು, ಒಳಗೇ ಕೋಶವಾಗುತ್ತೆ. ಆದರೆ ಕೋಶವಾಗೋ ಮುಂಚೆ ಒಂದು ಜಾಣತನ ಮಾಡುತ್ತೆ: ಸಿಪ್ಪೆಯನ್ನು ಒಂದು ಕಡೆ ದುಂಡಗೆ ತೆಳ್ಳಗೆ ಕೊರೆದು ಕಿಟಕಿ ಮಾಡಿಡುತ್ತೆ, ಆಮೇಲೆ ಪತಂಗ ಆ ಬಾಗಿಲನ್ನು ತಳ್ಳಿ ಹೊರಗೆ ಬರೋಕೆ. ಅದಕ್ಕೇ ನಾವು ತೂತು ನೋಡೋ ಹೊತ್ತಿಗೆ ಕಳ್ಳ ಮನೆ ಬಿಟ್ಟಾಗಿರುತ್ತೆ.

ದ್ಯುಹಾಮೆಲ್, ತಿಯೆ ಕಂಡುಕೊಂಡ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದು ಅನ್ನಿಸುತ್ತೆ. ವಸಂತ ಮುಗಿಯೋ ಹೊತ್ತಿಗೆ ಕಣಜದಲ್ಲಿ ಹುಟ್ಟಿದ ಪತಂಗಗಳು ಅಲ್ಲೇ ಉಳಿಯಲ್ಲ. ಸಂಜೆ ಹೊಲಕ್ಕೆ ಹಾರಿ, ನಿಂತ ಬೆಳೆಯ ತೆನೆ ಮೇಲೆ ಮೊಟ್ಟೆ ಇಡುತ್ತವೆ. ಸುಗ್ಗಿಯಲ್ಲಿ ರೈತ ತಾನೇ ಹೊತ್ತು ಅವನ್ನು ಮನೆಗೆ ತರ್ತಾನೆ. ಹಾಗಾದರೆ ಒಬ್ಬ ತನ್ನ ಕಣಜ ಮಾತ್ರ ಗುಡಿಸಿ ತೊಳೆದರೆ ಏನು ಬಂತು? ಪಕ್ಕದವನ ಕಣಜದ ಪತಂಗ ಇವನ ಹೊಲಕ್ಕೆ ಬರುತ್ತೆ.

ಮದ್ದು ಬಿಸಿ. ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಬ್ರೆಡ್ ಸುಡುವ ಭಟ್ಟಿ ಇತ್ತು, ಕಾಳನ್ನು ಅದರಲ್ಲಿ ಕಾಯಿಸಿದರೆ ಒಳಗಿನ ಹುಳು ಸಾಯುತ್ತೆ. ಬಿಸಿ ಕಡಿಮೆಯಾದರೆ ಹುಳು ಬದುಕುತ್ತೆ, ಹೆಚ್ಚಾದರೆ ಕಾಳು ಹಾಳು, ಬಿತ್ತನೆಗಂತೂ ಮೊಳಕೆಯೇ ಹೋಗುತ್ತೆ. ಅಳತೆ ಬೇಕು. ಲಾ ರೋಶ್‌ಫೂಕೊ ಅನ್ನೋ ಊರಿನ ಭಟ್ಟಿಯಲ್ಲಿ ಇಬ್ಬರೂ ಉದ್ದ ಹಿಡಿಯ ಸಲಿಕೆ ತುದಿಗೆ ಥರ್ಮಾಮೀಟರ್ ಇಟ್ಟು ಒಳಗೆ ತಳ್ಳಿದರು. ಹೊರಗೆ ಎಳೆಯೋ ಅಷ್ಟರಲ್ಲಿ, ಭಟ್ಟಿಯ ಬಾಯಿಗೆ ಬರ್ತಾ ಬರ್ತಾ, ಅದು ಇಳಿದುಬಿಡೋದು. ಏನು ಮಾಡಿದರೂ ಒಳಗಿನ ನಿಜವಾದ ಬಿಸಿ ಸಿಗವಲ್ಲದು.

ಭಟ್ಟಿ ನೋಡಿಕೊಳ್ಳೋ ಹುಡುಗಿಯೊಬ್ಬಳು ಇವರ ಒದ್ದಾಟ ನೋಡ್ತಾ ನಿಂತಿದ್ದಳು. ಪೆನ್ಸಿಲ್ ಕೊಡಿ, ನಾನೇ ಒಳಗೆ ಹೋಗಿ ಗುರುತು ಹಾಕಿ ಬರ್ತೀನಿ ಅಂದಳಂತೆ. ಹೋದಳು. ಎರಡು ಮೂರು ನಿಮಿಷ ಆದ ಮೇಲೆ ಗುರುತು ಹಾಕಿದಳು: ರೆಯೋಮ್ಯೂರ್ ಅಳತೆಯಲ್ಲಿ 100 ದಾಟಿತ್ತು. ಆ ಅಳತೆಯಲ್ಲಿ ನೀರು ಕುದಿಯೋದು 80ಕ್ಕೆ. ಅಂದರೆ ನಮ್ಮ ಲೆಕ್ಕದಲ್ಲಿ 125 ಡಿಗ್ರಿ ಸೆಲ್ಸಿಯಸ್! ತಿಯೆ ಗಾಬರಿಯಾದ. ಅವಳು ನನಗೇನೂ ಆಗಿಲ್ಲ ಅಂತ ಒಳಗೇ ಇದ್ದಳು. ಒಟ್ಟು ಹತ್ತು ನಿಮಿಷದ ಮೇಲಾಯಿತು. ಹೊರಗೆ ಬಂದಾಗ ಮುಖ ಕೆಂಪಾಗಿತ್ತು, ಉಸಿರು ಸರಾಗವಾಗಿತ್ತು. ಒಣ ಬಿಸಿಯಲ್ಲಿ ಬೆವರು ಆರಿ ಮೈ ತಂಪಾಗುತ್ತೆ ಅನ್ನೋದು ಈಗ ಶಾಲೆ ಪಾಠ. ಆಗ ತಿಯೆಗೆ ಅದು ನಂಬೋಕಾಗದ ಸಂಗತಿ. ಮುಂದೆ ಹಕ್ಕಿ, ಮೊಲಗಳನ್ನೆಲ್ಲ ಬಿಸಿಯಲ್ಲಿಟ್ಟು ಪರೀಕ್ಷೆ ಮಾಡಿ 1764ರಲ್ಲಿ ಅಕಾಡೆಮಿಗೆ ಪ್ರಬಂಧ ಬರೆದ. ಹುಳದ ಪುಸ್ತಕ ಅದಕ್ಕೂ ಮುಂಚೆ, 1762ರಲ್ಲೇ ಬಂದಿತ್ತು. ನಾನು ಓದಿದ ಕಡೆಯಲ್ಲೆಲ್ಲ ಇಬ್ಬರು ಪಂಡಿತರಿಗೆ ಹೆಸರಿದೆ, ಅವಳು ಬರೀ ಹುಡುಗಿ.

ಇದನ್ನು ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವಳಿಗೆ ಅಚ್ಚರಿಯೇ ಆಗಲಿಲ್ಲ. "ನಮ್ಮಲ್ಲಿ ಹಗೇವಿಗೆ ಇಳೀತಿದ್ರಲ್ಲ, ಹಂಗ" ಅಂದ್ಲು.

ಹಗೇವು ಗೊತ್ತಿಲ್ಲದವರಿಗೆ: ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದು ಹೊಟ್ಟೆ ಅಗಲದ ಗುಂಡಿ. ಒಳಗೋಡೆಗೆ ಹುಲ್ಲು ಹೊದಿಸಿ, ಜೋಳವನ್ನೋ ರಾಗಿಯನ್ನೋ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತೋದು. ಒಳಗೆ ಕಾಳೂ ಉಸಿರಾಡುತ್ತೆ, ಹುಳವೂ ಉಸಿರಾಡುತ್ತೆ. ಇದ್ದ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ ಹುಳ ಸಾಯುತ್ತೆ. ಈಗ ಗಾಳಿಯಾಡದ ಪ್ಲಾಸ್ಟಿಕ್ ಚೀಲ ಮಾಡೋದೂ ಇದನ್ನೇ. ಆಂಗೂಮ್ವಾದಲ್ಲಿ ಬಿಸಿ, ನಮ್ಮಲ್ಲಿ ಉಸಿರುಗಟ್ಟಿಸೋದು.

ಆದರೆ ಹುಳಕ್ಕೆ ಉಸಿರು ಕಟ್ಟೋ ಕಡೆ ಮನುಷ್ಯನಿಗೂ ಕಟ್ಟುತ್ತೆ. ಅದಕ್ಕೇ ಹಗೇವು ತೆಗೆದ ಮೇಲೆ ಗಾಳಿ ಆಡೋಕೆ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳೀತಿದ್ದ. ನಮ್ಮ ಮುತ್ತಜ್ಜನ ತಮ್ಮ ಒಂದು ವರ್ಷ ದೀಪ ಇಳಿಸದೇ ಇಳಿದನಂತೆ. ಮಳೆ ಬರೋ ಹಾಗಿತ್ತು, ಅವಸರ. ಅವನನ್ನು ಮೇಲೆ ಎಳೆದಾಗ ಜೀವ ಇರಲಿಲ್ಲ. ಅವ್ವನಿಗೆ ಇದನ್ನು ಹೇಳಿದ್ದು ಅವಳ ಅತ್ತೆ. ಆಮೇಲೆ ಮನೆಯವರು ಹಗೇವಿಗೆ ಮಣ್ಣು ತುಂಬಿ ಮುಚ್ಚಿದರು. ಜೋಳ ಗೋಣಿಚೀಲಕ್ಕೆ ಬಂತು, ಚೀಲಕ್ಕೆ ಈ ಪತಂಗ ಬಂತು.

"ಅವನ ಹೆಸರೇನು?" ಅಂತ ಕೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತಿ ಹೇಳಿದ್ಲಪಾ, ನೆನಪಿಲ್ಲ" ಅಂದ್ಲು.

ಮರುದಿನ ಜೋಳ ಜರಡಿ ಹಿಡಿದೆ. ಬಿತ್ತನೆಗೆ ಅಂತ ತೆಗೆದಿಟ್ಟಿದ್ದನ್ನು ಬರೀ ಎಳೆಬಿಸಿಲಿಗೆ ಹರವಿ, ಆರಿದ ಮೇಲೆ ಡ್ರಮ್ಮಿಗೆ ತುಂಬಿ ಬಿಗಿಯಾಗಿ ಮುಚ್ಚಿದೆ. ಉಣ್ಣೋ ಜೋಳವನ್ನು ತಾರಸಿಯಲ್ಲಿ ಕರಿ ತಾಡಪತ್ರಿ ಮೇಲೆ ತೆಳ್ಳಗೆ ಹರವಿ, ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಕಲ್ಲು ಇಟ್ಟೆ. ಮಧ್ಯಾಹ್ನ ಒಂದಕ್ಕೆ ಹಾಳೆ ಎತ್ತಿ ಕಾಳಿನೊಳಗೆ ಕೈ ಹಾಕಿದವನು ತಟ್ಟನೆ ಹಿಂದಕ್ಕೆ ತಗೊಂಡೆ.