ನಮ್ಮ ಕಡಲು, ಭಾಗ 4: ನೇತ್ರಾಣಿಗೆ ಹೊಸ ಜೋಡಿ

ಮದುವೆ ಆದ್ಕೂಡ್ಲೇ ಅಂಡಮಾನ್ ಅಂತಾರೆ ಎಲ್ರೂ. ನಮ್ ಹೆಬಳೆ ಕಡೆ ಕಡಲಲ್ಲೇ ನೇತ್ರಾಣಿ ಇದೆ, ಗೊತ್ತಲ್ಲ? ಮುರ್ಡೇಶ್ವರದಿಂದ ಬೋಟಲ್ಲಿ ಸುಮಾರು 19 ಕಿ.ಮೀ. ಮೇಲಿಂದ ನೋಡಿದ್ರೆ ಹಾರ್ಟ್ ಆಕಾರ, ಜೋಡಿಗಳ ರೀಲ್ಸ್‌ಗೆ ಅಷ್ಟು ಸಾಕು! ನೀರೊಳಗೆ ಹವಳ, ಬಣ್ಣಬಣ್ಣದ ಮೀನು. ಬ್ರಿಟಿಷರು ಇದನ್ನ ಪಿಜನ್ ಐಲ್ಯಾಂಡ್ ಅಂದ್ರು. ನಮ್ಮ ಮೀನುಗಾರರಿಗೆ ಇದು ಜಟ್ಟಿಗನ ಜಾಗ. ಹರಕೆ ಹೊತ್ತವರು ಆಡು ತಂದು ಬಿಡ್ತಾರೆ. ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟೋದೂ ಇಲ್ಲೇ. ಅಂಥ ದ್ವೀಪವನ್ನೇ ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿ ಮಾಡ್ಕೊಂಡಿತ್ತು. ಸಿಡಿಯದ ಶೆಲ್‌ಗಳೂ ಅಲ್ಲಿ ಸಿಕ್ಕಿವೆ. ನೀವು ಲೈಕ್ ಒತ್ತಿದ ಫೋಟೋದಲ್ಲಿ ಅದು ಕಾಣಲ್ಲ.

ದಡಕ್ಕೆ ಬಂದ್ಮೇಲೆ ಹಸಿವು ಜೋರು. ಊಟಕ್ಕೆ ಹೊನ್ನಾವರದ ಕಡೆ ಹೊರಡಿ. ಇದೇ ಕರಾವಳಿಗುಂಟ ಹಡಗಲ್ಲಿ ಓಡಾಡಿದ ಇಬ್ನ್ ಬತೂತ, 14ನೇ ಶತಮಾನದಲ್ಲಿ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೇಲಿ ಉಂಡಿದ್ದನ್ನ ಬರೆದಿಟ್ಟಿದ್ದಾನೆ. ಅನ್ನ, ತುಪ್ಪ, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ, ಕೋಳಿ, ಮೀನು, ಕೊನೆಗೆ ಮೊಸರು. ಒಂದ್ಸಲ 11 ತಿಂಗಳು ಇದ್ದವ ರೊಟ್ಟಿ ಮುಟ್ಟೇ ಇಲ್ವಂತೆ, ಬರೀ ಅನ್ನ! ಕೊನೆಗೆ ಮೊಸರು ಅನ್ನೋದು ನಮ್ಮನೇಲಿ ಇವತ್ತಿಗೂ ಬದಲಾಗಿಲ್ಲ. ನಿಮ್ಮನೇಲಿ?